ಅಂಜಿನಮ್ಮನ ಗೋಡೆಯೊಳಗಿನ ಹನ್ನೆರಡು ಲಕ್ಷ

ಅಂಜಿನಮ್ಮನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ಮೊದಲು ಬರುವುದು ಸಿಟ್ಟು. ನನಗೆ ಎಲ್ಲದಕ್ಕೂ ಮೊದಲು ಬರುವುದು ಸಿಟ್ಟೇ ಎಂದು ನನ್ನ ಹೆಂಡತಿ ವತ್ಸಲಾ ಹೇಳುತ್ತಾಳೆ. ಇರಲಿ. ಹನ್ನೆರಡು ಲಕ್ಷ ರೂಪಾಯಿಯನ್ನು ಒಬ್ಬ ಹೆಂಗಸಿನ ಕೈಗೆ ಕೊಟ್ಟು, ಅದು ಎಲ್ಲಿದೆ ಎಂದು ಕೇಳಿದಾಗ ಆಕೆ ಬೆರಳೆತ್ತಿ ಸೂರು ತೋರಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ, ನೀವೇ ಹೇಳಿ.

ಅಂಜಿನಮ್ಮ ಟಿ. ದಾಸರಹಳ್ಳಿಯ ಹಳೆಯ ಊರಿನವರು. ಈಗ ಅರವತ್ತೆಂಟು ವರ್ಷ. ಸಹಿ ಹಾಕಲು ಬಾರದು, ಹೆಬ್ಬೆಟ್ಟು. ಆದರೆ ಯಾವ ವರ್ಷ ಯಾವ ಮನೆಗೆ ಯಾರು ಬಂದರು, ಎಷ್ಟು ಕೊಟ್ಟರು, ಎಷ್ಟು ಹೊತ್ತಿಗೆ ಹೋದರು ಎನ್ನುವುದೆಲ್ಲ ಬಾಯಲ್ಲೇ ಇದೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಐದು ಮಹಡಿ, ಒಂಬತ್ತು ಮನೆ. ಎಲ್ಲವೂ ಲೀಸು. ಬಾಡಿಗೆ ಎನ್ನುವ ಮಾತೇ ಇಲ್ಲ. ಮೂರು ವರ್ಷಕ್ಕೆ ಇಷ್ಟು ಲಕ್ಷ ಎಂದು ಒಟ್ಟಿಗೆ ಕೊಟ್ಟು ಮನೆಗೆ ಹೋಗಬೇಕು, ಬಿಡುವಾಗ ಅಷ್ಟನ್ನೂ ವಾಪಸ್ ತೆಗೆದುಕೊಳ್ಳಬೇಕು. ಅವರಿಗೆ ಬಡ್ಡಿಯಿಲ್ಲದ ದುಡ್ಡು, ನಮಗೆ ಬಾಡಿಗೆಯಿಲ್ಲದ ಮನೆ. ಕೇಳಲು ಎಷ್ಟು ಚೆನ್ನಾಗಿದೆ! ಬೆಂಗಳೂರಿನ ಅರ್ಧ ಮಧ್ಯಮ ವರ್ಗ ಇದನ್ನು ಕೇಳಿಯೇ ಹಳ್ಳಕ್ಕೆ ಬಿದ್ದಿದೆ. ನಾನೂ ಬಿದ್ದೆ.

ನಾನು ದ್ವಾರಕಾನಾಥ. ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆಯ ಕೆಲಸ ಮಾಡಿದವನು. ಬೇರೆಯವರು ಮಾಡಿದ ಭಾಗಗಳನ್ನು ಗೇಜು ಹಾಕಿ ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುವುದು. ಆ ಕೋಣೆಯಲ್ಲಿ ವರ್ಷವಿಡೀ ಇಪ್ಪತ್ತು ಡಿಗ್ರಿ ಇಟ್ಟಿರುತ್ತಿದ್ದರು. ನಮಗೆ ತಂಪಾಗಿರಲಿ ಎಂದಲ್ಲ, ಸೆಕೆಗೆ ಗೇಜು ಹಿಗ್ಗಬಾರದು ಎಂದು. ಅಳೆಯುವ ವಸ್ತುವೇ ಬದಲಾಗುತ್ತಿದ್ದರೆ ಅಳೆದು ಪ್ರಯೋಜನವೇನು? ಇಷ್ಟು ಸಣ್ಣ ವಿಷಯ ಗೊತ್ತಿದ್ದ ನಾನು, ದುಡ್ಡಿನ ವಿಷಯಕ್ಕೆ ಬಂದಾಗ ಮಾತ್ರ ಮೂವತ್ತನಾಲ್ಕು ವರ್ಷ ಕಣ್ಣು ಮುಚ್ಚಿಕೊಂಡಿದ್ದೆ.

ನಿವೃತ್ತಿಯಾದಾಗ ಕ್ವಾರ್ಟರ್ಸ್ ಬಿಡಬೇಕಾಯಿತು. ಸ್ವಂತ ಮನೆ ಇಲ್ಲ. ಇಲ್ಲದ್ದಕ್ಕೂ ಒಂದು ಕಥೆ ಇದೆ. ನೌಕರರ ಗೃಹ ನಿರ್ಮಾಣ ಸಂಘಕ್ಕೆ ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲೇ ಸದಸ್ಯನಾಗಿದ್ದೆ. ನೆಲಮಂಗಲದಾಚೆ ನಿವೇಶನ, ಒಟ್ಟು ಒಂದು ಲಕ್ಷ ಎಂಬತ್ತು ಸಾವಿರ, ಎರಡು ವರ್ಷದಲ್ಲಿ ಕೈಗೆ ಎಂದಿದ್ದರು. ಅರ್ಧ ಹಣ ಕಟ್ಟಿದೆ. ಆಮೇಲೆ ರೈತರು ಕೋರ್ಟಿಗೆ ಹೋದರು, ಸಂಘದವರು ಕೋರ್ಟಿಗೆ ಹೋದರು, ಸಂಘದೊಳಗಿನವರೇ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋದರು. ಪ್ರತಿ ಸಲ ಬೆಲೆ ಏರಿತು. ನಾನು ಕೂಡಿಡುತ್ತಿದ್ದೆ, ಅದು ಏರುತ್ತಿತ್ತು. ನಾನು ಒಂದು ಲಕ್ಷ ಕೂಡಿಡುವಷ್ಟರಲ್ಲಿ ಅದು ಎರಡು ಲಕ್ಷ ಮುಂದೆ ಹೋಗಿರುತ್ತಿತ್ತು. ಬಸ್ಸಿನ ಹಿಂದೆ ಓಡುವವನ ಪಾಡು.

ಅದಕ್ಕೇ ನಿವೃತ್ತಿಯ ದುಡ್ಡಿನಲ್ಲಿ ಹನ್ನೆರಡು ಲಕ್ಷ ತೆಗೆದು ಅಂಜಿನಮ್ಮನಿಗೆ ಕೊಟ್ಟು, ಅದುವರೆಗೆ ಲೀಸಿಗೆ ಕೊಡದಿದ್ದ ಎರಡನೆಯ ಮಹಡಿಯ ಮನೆ ಹಿಡಿದೆ. "ಯಾಕ್ರೀ ಅಷ್ಟೂ ಒಬ್ಬರ ಕೈಗೆ?" ಎಂದು ವತ್ಸಲಾ ಬಡಿದುಕೊಂಡಳು. "ನಿನಗೆ ಲೆಕ್ಕ ಅರ್ಥ ಆಗಲ್ಲ ಸುಮ್ಮನಿರು" ಎಂದೆ. ಆ ಮಾತನ್ನು ಆಕೆ ಇನ್ನೂ ಮರೆತಿಲ್ಲ, ನನ್ನನ್ನೂ ಮರೆಯಲು ಬಿಟ್ಟಿಲ್ಲ.

ಮೂರು ವರ್ಷ ತಕರಾರಿಲ್ಲದೆ ಕಳೆಯಿತು. ಅಂಜಿನಮ್ಮ ಒಳ್ಳೆಯವರೇ. ನೀರು ನಿಂತರೆ ಮಗ ದೇವರಾಜನನ್ನು ಬೈದು ಟ್ಯಾಂಕರ್ ತರಿಸುವರು. ವತ್ಸಲಾಗೆ ಜ್ವರ ಬಂದಾಗ ಮೂರು ದಿನ ಮುದ್ದೆ-ಸಾರು ಕಳಿಸಿದರು. ನಾವು ಮುದ್ದೆ ತಿನ್ನುವವರಲ್ಲ ಎಂದರೆ, "ಜರ ಬಂದಾಗ ಎಲ್ರೂ ತಿಂತಾರೆ ತಿನ್ರಿ ಅಯ್ನೋರೆ" ಎಂದು ಬಾಗಿಲಲ್ಲೇ ಇಟ್ಟು ಹೋದರು.

ಈ ವರ್ಷ ಜೂನ್ ಮೊದಲ ವಾರ ಸಂಘದಿಂದ ಕಾಗದ ಬಂತು. ಕೇಸು ಮುಗಿದಿದೆ, ನಿವೇಶನ ಸಿದ್ಧವಿದೆ, ಅಂತಿಮ ಕಂತು ಹದಿಮೂರುವರೆ ಲಕ್ಷ, ಜುಲೈ ಮೂವತ್ತೊಂದರೊಳಗೆ ಕಟ್ಟದಿದ್ದರೆ ಹಂಚಿಕೆ ರದ್ದು, ಕಾಯುತ್ತಿರುವ ಮುಂದಿನ ಸದಸ್ಯರಿಗೆ ಕೊಡಲಾಗುವುದು. ಇಪ್ಪತ್ತಾರು ವರ್ಷ ಅವರು ನಮ್ಮನ್ನು ಕಾಯಿಸಬಹುದು, ಐವತ್ತೈದು ದಿನ ನಾವು ಅವರನ್ನು ಕಾಯಿಸುವ ಹಾಗಿಲ್ಲ! ಮೈಯೆಲ್ಲ ಉರಿದುಹೋಯಿತು. ಆದರೂ ಕಾಗದ ಹಿಡಿದು ವತ್ಸಲಾ ಸಂತೋಷಕ್ಕೆ ಅತ್ತಳು. ಅವಳಿಗೆ ಆ ಜಾಗದಲ್ಲಿ ಒಂದು ಕರಿಬೇವಿನ ಗಿಡ ಹಾಕಬೇಕು ಎನ್ನುವುದು ಎಷ್ಟೋ ವರ್ಷದ ಆಸೆ. ಬ್ಯಾಂಕಿನಲ್ಲಿ ಒಂದೂವರೆ ಲಕ್ಷ ಎಫ್‌ಡಿ ಇತ್ತು. ಲೀಸಿನ ಅವಧಿ ಜೂನ್ ಹದಿನೈದಕ್ಕೆ ಮುಗಿಯುತ್ತಿತ್ತು. ಅಲ್ಲಿಗೆ ಹನ್ನೆರಡು ಪ್ಲಸ್ ಒಂದೂವರೆ. ಗೇಜು ಹಾಕಿದಂತೆ ಸರಿಯಾಗಿತ್ತು.

ಕೆಳಗಿಳಿದು ಹೋಗಿ ವಿಷಯ ಹೇಳಿದೆ. ಅಂಜಿನಮ್ಮ ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಸಂತೋಸ ಅಯ್ನೋರೆ. ಸ್ವಂತ ಜಾಗ ಅಂದ್ರೆ ಸುಮ್ನೆನಾ? ಮುಂದ್ಲೋರು ಬರ್ಲಿ, ಕೊಡ್ತೀನಿ."

"ಮುಂದಿನೋರು ಅಂದ್ರೆ?"

"ನಿಮ್ಮ ಮನೆಗೆ ಬರೋ ಲೀಸ್ನೋರು."

"ಅವರು ಯಾವಾಗಾದ್ರೂ ಬರಲಿ ಅಂಜಿನಮ್ಮ. ನಾನು ಕೊಟ್ಟ ದುಡ್ಡಿದೆಯಲ್ಲ, ಅದನ್ನ ಕೊಡಿ."

ಆಕೆ ಬೆಳ್ಳುಳ್ಳಿ ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ಬೆರಳೆತ್ತಿ ಮೇಲೆ ತೋರಿಸಿದರು. "ನೀವು ಕೊಟ್ಟಿದ್ದು ಎಲ್ಲೂ ಓಗಿಲ್ಲ ಕಣ್ರೀ. ನಿಮ್ಮ ತಲೆ ಮ್ಯಾಲೇ ಐತೆ. ಐದ್ನೇ ಮಾಡೀಗೆ ಮೋಲ್ಡು ಆಕ್ಸಿದ್ದು ಅದ್ರಲ್ಲೇ."

ನನ್ನ ಹನ್ನೆರಡು ಲಕ್ಷ ಕಬ್ಬಿಣ, ಜಲ್ಲಿ, ಸಿಮೆಂಟಾಗಿ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಯಾರದೋ ಬಟ್ಟೆ ಒಣಗುತ್ತಿತ್ತು.

ಆ ದಿನ ಅಲ್ಲೇ ಕೂರಿಸಿಕೊಂಡು ಆಕೆ ತಮ್ಮ ಕಥೆ ಹೇಳಿದರು. ಗಂಡನ ಮನೆಯ ಮೂರು ಎಕರೆ ರಾಗಿ ಹೊಲ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೋಯಿತಂತೆ. ಪರಿಹಾರದ ದುಡ್ಡಿನಲ್ಲಿ ಮಾವ ಒಂದು ಜೊತೆ ಒಳ್ಳೆಯ ಎತ್ತು ಕೊಂಡರು. ಉಳಲು ಹೊಲವೇ ಇಲ್ಲ, ಎತ್ತು ಕೊಂಡರು! ಹೇಳುತ್ತಾ ಹೇಳುತ್ತಾ ಆಕೆಯೇ ನಕ್ಕರು. ಗಂಡ ತೀರಿಕೊಂಡ ಮೇಲೆ ನಮ್ಮ ಕ್ವಾರ್ಟರ್ಸಿಗೇ ಹಾಲು ಹಾಕುತ್ತಿದ್ದರು. ಉಳಿದಿದ್ದ ಈ ಜಾಗದಲ್ಲಿ ಶೀಟಿನ ಎರಡು ಕೋಣೆ. ತೊಂಬತ್ನಾಲ್ಕರಲ್ಲಿ ಒಬ್ಬ ಲೇತ್ ಆಪರೇಟರ್ ಬಂದು, ತಿಂಗಳ ಬಾಡಿಗೆ ಬೇಡ, ನಲವತ್ತು ಸಾವಿರ ಇಟ್ಟುಕೊಳ್ಳಿ, ಮೂರು ವರ್ಷ ಬಿಟ್ಟು ವಾಪಸ್ ಕೊಡಿ ಎಂದ. ಅಷ್ಟು ದುಡ್ಡು ಆಕೆ ಕಂಡೇ ಇರಲಿಲ್ಲ. ಎಂಟು ದಿನ ರಾಗಿಯೊಳಗೆ ಹೂತಿಟ್ಟರು. ಒಂಬತ್ತನೆಯ ದಿನ ತೆಗೆದು ಇನ್ನೆರಡು ಕೋಣೆ ಎಬ್ಬಿಸಿದರು. ಅವನು ಹೊರಟಾಗ ಹೊಸಬನಿಂದ ಎಪ್ಪತ್ತು ಸಾವಿರ ತೆಗೆದುಕೊಂಡು ಅವನಿಗೆ ನಲವತ್ತು ಕೊಟ್ಟರು. ಮೂವತ್ತು ಉಳಿಯಿತು, ಮನೆಯೂ ಉಳಿಯಿತು.

"ಅವತ್ತೇ ಗೊತ್ತಾಯ್ತು ಅಯ್ನೋರೆ. ಕಾಸು ಇಟ್ಕೊಂಡ್ರೆ ಕೊಳೀತದೆ. ಕಟ್ಟಿದ್ರೆ ಬೆಳೀತದೆ. ಮೂವತ್ತೊಂದು ವರ್ಸ ಆಯ್ತು, ಒಬ್ರ ಕಾಸೂ ಉಳ್ಸಿಕೊಂಡಿಲ್ಲ ನಾನು. ಯಾರ್ನ ಬೇಕಾದ್ರೂ ಕೇಳಿ."

ಅದು ನಿಜ. ಕೇಳಿ ನೋಡಿದ್ದೆ. ಒಬ್ಬರೂ ದೂರಲಿಲ್ಲ. ಪ್ರತಿಯೊಬ್ಬನಿಗೂ ಅವನ ನಂತರ ಬಂದವನ ದುಡ್ಡು ಸಿಕ್ಕಿತ್ತು. ಪ್ರತಿಯೊಬ್ಬನೂ ತನ್ನ ದುಡ್ಡೇ ವಾಪಸ್ ಬಂತು ಅಂದುಕೊಂಡು ಹೋಗಿದ್ದ.

ಸರಿ, ಮುಂದಿನವರನ್ನೇ ಹುಡುಕೋಣ ಎಂದರೆ ಪಂಚಾಂಗ ಅಡ್ಡ ಬಂತು. ಜೂನ್ ಇಪ್ಪತ್ತಾರಕ್ಕೆ ಆಷಾಢ. ಆಷಾಢದಲ್ಲಿ ಯಾರು ಮನೆ ಬದಲಾಯಿಸುತ್ತಾರೆ? ಅಮೆರಿಕಕ್ಕೆ ರಾಕೆಟ್ ಭಾಗ ಮಾಡಿ ಕಳಿಸುವ ಪೀಣ್ಯದ ಇಂಜಿನಿಯರು ಕೂಡ ಆಷಾಢದಲ್ಲಿ ಹಾಲು ಉಕ್ಕಿಸುವುದಿಲ್ಲ. ಬೋರ್ಡು ನೇತುಹಾಕಿದೆವು. ಬಂದವರೆಲ್ಲ ನಲ್ಲಿ ತಿರುಗಿಸಿ ನೋಡಿ, ಬಚ್ಚಲಿಗೆ ಇಣುಕಿ, "ಶ್ರಾವಣ ಬರಲಿ ಅಂಕಲ್" ಎಂದು ಹೋದರು. ಶ್ರಾವಣ ಶುರುವಾಗುವುದು ಜುಲೈ ಇಪ್ಪತ್ತೈದು. ಸಂಘದ ಗಡುವು ಮೂವತ್ತೊಂದು. ನಡುವೆ ಆರು ದಿನ. ನಾನು ದಿನಾ ಕ್ಯಾಲೆಂಡರ್ ಮುಂದೆ ನಿಂತು ಹಲ್ಲು ಕಡಿಯುತ್ತಿದ್ದೆ.

ಇದು ಆಗುವ ಹೋಗುವ ಮಾತಲ್ಲ ಎನಿಸಿ ಜುಲೈ ಮೊದಲ ವಾರ ಅಂಜಿನಮ್ಮನನ್ನು ಎಬ್ಬಿಸಿಕೊಂಡು ನನ್ನ ಎಫ್‌ಡಿ ಇದ್ದ ಬ್ಯಾಂಕಿಗೆ ಹೋದೆ. ಐದು ಮಹಡಿಯ ಕಟ್ಟಡ ಇದೆ, ಹನ್ನೆರಡು ಲಕ್ಷ ಸಾಲ ಕೊಡುವುದಿಲ್ಲವೇ? ಆಕೆ ರೇಷ್ಮೆ ಸೀರೆ ಉಟ್ಟು, ಕಾಗದ ಪತ್ರಗಳನ್ನೆಲ್ಲ ಅಕ್ಕಿಯ ಚೀಲದಲ್ಲಿ ತುಂಬಿಕೊಂಡು ಬಂದರು. ಮ್ಯಾನೇಜರ್ ಆಶಾರಾಣಿ ಎಂಬುವರು. ತಾಳ್ಮೆಯ ಹೆಂಗಸು. ಒಂದೊಂದೇ ಕಾಗದ ತಿರುವಿ ಹಾಕಿ ತಲೆ ಆಡಿಸಿದರು.

"ಬಿ ಖಾತೆ, ಪೂರ್ತಿ ಸಕ್ರಮ ಆಗಿಲ್ಲ. ಪ್ಲಾನ್ ಸ್ಯಾಂಕ್ಷನ್ ಇಲ್ಲ. ಆಗಲ್ಲ ಅಮ್ಮ."

"ಐದು ಮಾಡಿ ಐತೆ ಕಣವ್ವಾ, ಬಂದು ನೋಡು!"

"ಕಣ್ಣಲ್ಲಿ ನೋಡಿ ಸಾಲ ಕೊಡೋ ಹಾಗಿದ್ರೆ ಇವತ್ತೇ ಕೊಡ್ತಿದ್ದೆ. ನಾವು ಪೇಪರ್ ನೋಡಿ ಕೊಡ್ಬೇಕು."

ನನಗೆ ತಡೆಯಲಾಗಲಿಲ್ಲ. "ಮೇಡಂ, ನನ್ನಂಥ ಮುದುಕರು ಎಫ್‌ಡಿ ಇಟ್ಟಿರೋ ದುಡ್ಡನ್ನ ತಾನೆ ನೀವು ಸಾಲ ಅಂತ ಕೊಡೋದು? ನಾನೇ ಹೇಳ್ತಿದೀನಿ, ಈಕೆಗೆ ಕೊಡಿ!"

ಆಶಾರಾಣಿ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಎಫ್‌ಡಿ ದುಡ್ಡು ನಿಮ್ಮ ಎಫ್‌ಡಿಲೇ ಇರುತ್ತೆ ಸಾರ್. ಅದನ್ನ ತೆಗೆದು ಯಾರಿಗೂ ಕೊಡಲ್ಲ. ಸಾಲ ಸ್ಯಾಂಕ್ಷನ್ ಆದ್ರೆ ಅವರ ಖಾತೇಲಿ ಹೊಸದಾಗಿ ಎಂಟ್ರಿ ಹಾಕ್ತೀವಿ. ಅದೇ ದುಡ್ಡು."

"ಅದು ಎಲ್ಲಿಂದ ಬರುತ್ತೆ?"

"ಎಲ್ಲಿಂದಲೂ ಬರಲ್ಲ. ಬರೆದಾಗ ಆಗುತ್ತೆ. ತೀರಿಸ್ತಾ ಹೋದ ಹಾಗೆ ಇಲ್ಲವಾಗುತ್ತೆ. ಹಾಗಂತ ಬೇಕಾಬಿಟ್ಟಿ ಬರೆಯಕ್ಕಾಗಲ್ಲ. ಬಂಡವಾಳ ಇರ್ಬೇಕು, ರೂಲ್ಸ್ ಇದೆ, ತೀರಿಸೋರು ಸರಿಯಾದವರಾಗಿರ್ಬೇಕು."

ನಾನು ಕುರ್ಚಿಯ ಮೇಲೆ ಕೂತೇ ಇದ್ದೆ. ಮೂವತ್ತನಾಲ್ಕು ವರ್ಷ. ಬೆಳಿಗ್ಗೆ ಏಳಕ್ಕೆ ಪಂಚು. ಕ್ಯಾಂಟೀನಿನಲ್ಲಿ ಎರಡನೆಯ ವಡೆ ತಿನ್ನದೆ ಕೂಡಿಟ್ಟ ದುಡ್ಡು. ಇಲ್ಲಿ ಎಸಿ ಕೋಣೆಯಲ್ಲಿ ಕೂತು ಟೈಪು ಮಾಡಿದರೆ ಆಗಿಬಿಡುತ್ತದಂತೆ!

ಅಂಜಿನಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. "ನಾನೂ ಅದೇ ಮಾಡ್ತಿರೋದು ಕಣವ್ವಾ. ನಾನೂ ಪತ್ರ ಬರ್ಕೊಡ್ತೀನಿ, ಹೆಬ್ಬೆಟ್ಟು ಒತ್ತೀನಿ, ಕಾಸು ಬತ್ತದೆ, ಮನೆ ಏಳ್ತದೆ. ನಿಂಗೆ ಬೋರ್ಡ್ ಐತೆ, ನಂಗಿಲ್ಲ. ಅಷ್ಟೇ ಅಲ್ವಾ?"

ಆಶಾರಾಣಿ ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ಕೇಳಿದರು. "ನಮಗೆ ಒಂದು ದಿನ ಕಡಿಮೆ ಬಿದ್ರೆ ಹಿಂದೆ ರಿಸರ್ವ್ ಬ್ಯಾಂಕ್ ಇದೆ ಅಮ್ಮ. ನಿಮ್ಮ ಹಿಂದೆ ಯಾರಿದಾರೆ?"

"ಇಂದೆ ಯಾರೂ ಇಲ್ಲ ಕಣವ್ವಾ. ಮುಂದೆ ಬರ್ತಾರೆ, ಬರ್ತಾನೇ ಅವ್ರೆ ಇಷ್ಟು ವರ್ಸ."

ಹೊರಗೆ ಬಂದು ತುಮಕೂರು ರಸ್ತೆಯ ಫುಟ್‌ಪಾತಿನ ಮೇಲೆ ನಿಂತೆ. ನೆಲಮಂಗಲದಾಚೆಯ ಆ ಮಣ್ಣು ಇಪ್ಪತ್ತಾರು ವರ್ಷದ ಹಿಂದೆಯೂ ಅದೇ ಕೆಂಪು ಮಣ್ಣು. ಅದಕ್ಕೆ ಕೊಂಬು ಮೂಡಿಲ್ಲ. ಹಾಗಾದರೆ ಪೇಟೆಯಲ್ಲಿ ಅದರ ಬೆಲೆ ಯಾಕೆ ಮೂವತ್ತು ಪಟ್ಟು ಏರಿತು? ಆಗ ನನ್ನಂಥವನಿಗೆ ಬ್ಯಾಂಕು ಎರಡು ಲಕ್ಷ ಸಾಲ ಬರೆಯುತ್ತಿತ್ತು, ನಿವೇಶನ ಎರಡು ಲಕ್ಷ. ಈಗ ಸಾಫ್ಟ್‌ವೇರಿನ ಹುಡುಗನಿಗೆ ಅರವತ್ತು ಲಕ್ಷ ಬರೆಯುತ್ತದೆ, ನಿವೇಶನ ಅರವತ್ತು ಲಕ್ಷ. ಮಾರುವವನಿಗೆ ಅದು ಗೊತ್ತು. ಅವನು ಮಣ್ಣಿನ ಬೆಲೆ ಹೇಳುತ್ತಿಲ್ಲ, ಬ್ಯಾಂಕು ಎಷ್ಟು ಬರೆಯುತ್ತದೋ ಅಷ್ಟು ಹೇಳುತ್ತಿದ್ದಾನೆ. ಹೊಸದಾಗಿ ಬರೆದ ದುಡ್ಡು ಯಾರ ಕೈಗೆ ಮೊದಲು ಬರುತ್ತದೋ ಅವರು ಹಳೆಯ ಬೆಲೆಗೆ ಜಾಗ ಕೊಳ್ಳುತ್ತಾರೆ. ಸಂಬಳದಲ್ಲಿ ಉಳಿಸಿ ಉಳಿಸಿ ಕೊನೆಗೆ ಬರುವ ನನ್ನಂಥವನು ಹೊಸ ಬೆಲೆ ಕೇಳಿ ಎದೆ ಹಿಡಿದುಕೊಳ್ಳುತ್ತಾನೆ. ಇಷ್ಟು ವರ್ಷ ರೂಪಾಯಿ ಎನ್ನುವ ಗೇಜು ಕುಗ್ಗುತ್ತಲೇ ಇತ್ತು, ನಾನು ಮಾತ್ರ ಅಳೆಯುತ್ತಲೇ ಇದ್ದೆ. ಥೂ!

"ಯಾಕಿಂಗೆ ನಿಂತ್ರಿ? ಎಳನೀರು ಕುಡೀರಿ" ಎಂದರು ಅಂಜಿನಮ್ಮ. ಆಕೆಯೇ ಕೊಡಿಸಿದರು.

ಜುಲೈ ಮೂರನೆಯ ವಾರ ಕೃಪಾ ಬಂದಳು. ಪೀಣ್ಯದಲ್ಲಿ ವಾಲ್ವು ಮಾಡುವ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ. ಗಂಡ ಸಂಗಮೇಶ್ ಇನ್ನೊಂದು ಕಡೆ ಸಿಎನ್‌ಸಿ ಮೆಷಿನ್ನಿಗೆ ಪ್ರೋಗ್ರಾಂ ಬರೆಯುವವನು. ಮದುವೆಯಾಗಿ ಒಂದೂವರೆ ವರ್ಷ. ಸಂಗಮೇಶ್ ಮಾತಿಲ್ಲದ ಹುಡುಗ. ಗೋಡೆಗೆ ಬೆರಳಲ್ಲಿ ತಟ್ಟಿ ನೋಡಿದ. ಕೃಪಾ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡಳು. ಆಷಾಢ ಮುಗಿದ ಮರುದಿನ, ಶ್ರಾವಣದ ಮೊದಲ ಶುಕ್ರವಾರ ಹಾಲು ಉಕ್ಕಿಸುತ್ತೇವೆ ಎಂದಳು. ದೇವರಾಜ ಹದಿನೈದು ಲಕ್ಷ ಎಂದ. ಒಪ್ಪಿದಳು. ನನಗೆ ಆ ಮಗುವಿನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಸೋಮವಾರ ಮತ್ತೆ ಬಂದಳು, ಆಫೀಸು ಮುಗಿಸಿಕೊಂಡು ಒಬ್ಬಳೇ. "ಹತ್ತು ನಿಮಿಷ ಕೂತ್ಕೊಳ್ಲಾ ಅಂಕಲ್? ಇಲ್ಲಿ ಸಿಗ್ನಲ್ ಚೆನ್ನಾಗಿದೆ" ಎಂದು ನಮ್ಮ ಸೋಫಾದಲ್ಲಿ ಕೂತು ಫೋನು ಒತ್ತತೊಡಗಿದಳು. ವತ್ಸಲಾ ಕಾಫಿ ತಂದಿಟ್ಟಳು. ಕೃಪಾ ಕ್ಯಾಮೆರಾಗೆ ಮುಖ ತೋರಿಸಿದಳು, ಆಧಾರ್ ನಂಬರ್ ಹಾಕಿದಳು, ಏನೋ ಒಪ್ಪಿಗೆ ಒತ್ತಿದಳು. ಕಾಫಿಯ ಮೇಲೆ ಕೆನೆ ಕಟ್ಟುವುದರೊಳಗೆ ಫೋನು ಟಿಣ್ ಎಂದಿತು.

"ಬಂತು! ಒಂಬತ್ತು ಲಕ್ಷ" ಎಂದು ನಕ್ಕಳು. "ನಾಲ್ಕು ಲಕ್ಷ ಚಿನ್ನ ಇಟ್ಟು ತಗೊಂಡಿದೀವಿ. ಎರಡು ನಮ್ಮ ಹತ್ರ ಇತ್ತು. ಹದಿನೈದಾಯ್ತು."

ನನ್ನ ಹಜಾರದಲ್ಲಿ, ನನ್ನ ಕಣ್ಣೆದುರು ಒಂಬತ್ತು ಲಕ್ಷ ಹುಟ್ಟಿತು. ಐದು ಮಹಡಿಯವಳಿಗೆ ಇಲ್ಲ ಎಂದ ಬ್ಯಾಂಕು ಸಂಬಳದ ಚೀಟಿ ಇದ್ದ ಹುಡುಗಿಗೆ ಹತ್ತು ನಿಮಿಷದಲ್ಲಿ ಬರೆದುಕೊಟ್ಟಿತ್ತು. "ತಿಂಗಳಿಗೆ ಎಷ್ಟಮ್ಮ ಕಂತು?" ಎಂದೆ.

"ಇಪ್ಪತ್ನಾಲ್ಕು ಸಾವಿರದ ಆರ್ನೂರು."

"ಇಂಥ ಮನೆಗೆ ಬಾಡಿಗೇನೇ ಹದಿನೆಂಟು ಸಾವಿರ ಕಣಮ್ಮ!"

"ಬಾಡಿಗೆ ಕೊಟ್ರೆ ಹೋಯ್ತು ಅಂಕಲ್. ಇದು ಕೊನೆಗೆ ವಾಪಸ್ ಬರುತ್ತಲ್ಲ. ನಮಗೆ ಇದೇ ಸೇವಿಂಗ್ಸು. ಆಮೇಲೆ ಸೈಟ್ ತಗೋತೀವಿ."

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನನ್ನ ಲೆಕ್ಕದಲ್ಲೂ ಇರಲಿಲ್ಲವಲ್ಲ. ಅಷ್ಟರಲ್ಲಿ ಅಂಜಿನಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದು ಕೂತರು. ಹೊಸದಾಗಿ ಲೀಸಿಗೆ ಬರುವವರಿಗೆಲ್ಲ ಆಕೆ ಮೊದಲೇ ಒಂದು ಮಾತು ಹೇಳುವ ಪದ್ಧತಿ. ನನಗೂ ಹೇಳಿದ್ದರು. ಪಾಪ, ಏನೂ ತಿಳಿಯದ ಹೆಂಗಸಿನ ಮಾತು ಎಂದು ನಾನು ತಲೆಯಾಡಿಸಿದ್ದೆ.

"ನೋಡು ಮಗಾ, ಕಾಸು ನನ್ನ ತಾವ ಇರಾಕಿಲ್ಲ. ನೀನು ಕೊಟ್ಟಿದ್ದು ಅವತ್ತೇ ಇವರಿಗೆ ಓಯ್ತದೆ. ಮಿಕ್ಕಿದ್ದು ಸಂಪು ರಿಪೇರಿಗೆ. ನೀನು ಓಗೋವಾಗ ನಿನ್ನ ಇಂದೆ ಬರೋರು ಕೊಟ್ರೆ ನಾನು ಕೊಡ್ತೀನಿ. ಬರ್ಲಿಲ್ಲ ಅಂದ್ರೆ ಕಾಯ್ಬೇಕು. ಆಮೇಕೆ ಬಂದು ಬಯ್ಬೇಡ."

ಕೃಪಾ ನಕ್ಕಳು. ಅಜ್ಜಿ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳು. ನಗುತ್ತಲೇ ನನ್ನ ಕಡೆ ತಿರುಗಿದಳು. ನಾನು ಕನ್ನಡಕದವನು, ಓದಿದವನು, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತನಾದವನು. "ಅಂಕಲ್, ನೀವು ಮೂರು ವರ್ಷದಿಂದ ಇದೀರಲ್ಲ. ವಾಪಸ್ ಕೊಡೋವಾಗ ಏನೂ ತೊಂದರೆ ಆಗಲ್ಲ ತಾನೆ?"

ಅಡುಗೆಮನೆಯ ಬಾಗಿಲಲ್ಲಿ ವತ್ಸಲಾ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು. ಈಕೆ ಹೇಳುತ್ತಿರುವುದು ಅಕ್ಷರಶಃ ನಿಜ ಕಣಮ್ಮ, ಇನ್ನೊಮ್ಮೆ ಯೋಚನೆ ಮಾಡು ಎಂದರೆ ಮುಗಿಯುತ್ತಿತ್ತು. ಸಂಘದ ಗಡುವಿಗೆ ಹತ್ತು ದಿನ ಉಳಿದಿತ್ತು.

"ಮೂವತ್ತೊಂದು ವರ್ಷದಲ್ಲಿ ಇವರು ಒಬ್ಬರ ದುಡ್ಡನ್ನೂ ಉಳಿಸಿಕೊಂಡಿಲ್ಲಮ್ಮ" ಎಂದೆ.

ಅದೂ ನಿಜವೇ. ಅಂಜಿನಮ್ಮ ನನ್ನನ್ನು ಒಂದು ಸಲ ನೋಡಿ ಮಂಡಿ ಹಿಡಿದು ಎದ್ದರು. ವತ್ಸಲಾ ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಕೃಪಾ ಫೋನು ಒತ್ತಿದಳು, ದೇವರಾಜನ ಫೋನು ಸದ್ದು ಮಾಡಿತು. ದೇವರಾಜ ಒತ್ತಿದ, ನನ್ನ ಫೋನು ಸದ್ದು ಮಾಡಿತು. ಹದಿನೈದು ಲಕ್ಷ ಅಂಜಿನಮ್ಮನ ಖಾತೆಯಲ್ಲಿ ಪೂರ್ತಿಯಾಗಿ ಇದ್ದದ್ದು ಲೆಕ್ಕ ಹಾಕಿದರೆ ನಾಲ್ಕು ನಿಮಿಷ. ಆಕೆ ಅದನ್ನು ನೋಡಲೂ ಇಲ್ಲ. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಒಂದು ರವಿಕೆ ಕಣ ಇಟ್ಟು ವತ್ಸಲಾಗೆ ಅರಿಶಿನ ಕುಂಕುಮ ಕೊಟ್ಟರು. ಮನೆ ಬಿಟ್ಟು ಹೋಗುವವರಿಗೆಲ್ಲ ಹೀಗೆ ಕೊಟ್ಟೇ ಕಳಿಸುತ್ತಾರೆ. ಹಾಲು ಕುಡಿದು ಹೋಗಿ ಎಂದು ಕೃಪಾ ಲೋಟ ತಂದಳು. ಲಾರಿ ಕಾಯುತ್ತಿದೆ ಎಂದು ಹೇಳಿ ಇಳಿದುಬಿಟ್ಟೆ. ಲಾರಿ ಬರಲು ಇನ್ನೂ ಒಂದು ಗಂಟೆ ಇತ್ತು.

ಸೋಮವಾರ ಸಂಘಕ್ಕೆ ಕಟ್ಟಿದೆ. ರಸೀತಿ ಕೊಟ್ಟರು. ಈಗ ನಮಗೆ ನೆಲಮಂಗಲದಾಚೆ ಮೂವತ್ತು-ನಲವತ್ತರ ಒಂದು ಜಾಗ ಇದೆ, ಅದರ ತುಂಬ ಪಾರ್ಥೇನಿಯಂ ಇದೆ. ಮನೆ ಕಟ್ಟಲು ದುಡ್ಡಿಲ್ಲ, ಅರವತ್ತಮೂರಕ್ಕೆ ಯಾವ ಬ್ಯಾಂಕೂ ನನ್ನ ಹೆಸರಿಗೆ ಬರೆಯುವುದಿಲ್ಲ. ಹತ್ತಿರದಲ್ಲೇ ಒಂದು ಕೋಣೆಯ ಮನೆಗೆ ಒಂಬತ್ತು ಸಾವಿರ ಬಾಡಿಗೆ ಕೊಟ್ಟುಕೊಂಡು, ಪಿಂಚಣಿಯಲ್ಲಿ ಹೇಗೋ ಎಳೆಯುತ್ತಿದ್ದೇವೆ. ವತ್ಸಲಾ ಕರಿಬೇವಿನ ಗಿಡ ಹಾಕಿದ್ದಾಳೆ. ದಿನ ಬಿಟ್ಟು ದಿನ ಹೋಗಿ ನೀರು ಹಾಕುತ್ತಾಳೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಹೋದ ವಾರ ಕೃಪಾ ಫೋನು ಮಾಡಿದಳು. ನಾಲ್ಕು ತಿಂಗಳಾಗಿತ್ತು ಅಷ್ಟೆ. ಸಂಗಮೇಶನ ಕಂಪನಿಗೆ ಆರ್ಡರು ನಿಂತು ಎರಡು ಶಿಫ್ಟು ಮುಚ್ಚಿದ್ದಾರಂತೆ, ಅವನ ಕೆಲಸ ಹೋಯಿತಂತೆ. ಅವಳ ಸಂಬಳದಲ್ಲಿ ಕಂತು, ಚಿನ್ನದ ಬಡ್ಡಿ ಎರಡೂ ಕಟ್ಟಿದರೆ ಊಟಕ್ಕೆ ಉಳಿಯುವುದಿಲ್ಲ. ಕಟ್ಟದಿದ್ದರೆ ತಾಯಿ ಕೊಟ್ಟ ಚಿನ್ನ ಹರಾಜಿಗೆ ಹೋಗುತ್ತದೆ. ಮನೆ ಬಿಟ್ಟು ಊರಿಗೆ ಹೋಗೋಣ ಎಂದರೆ ಅಂಜಿನಮ್ಮ ಮುಂದಿನವರು ಬರಲಿ ಎನ್ನುತ್ತಿದ್ದಾರೆ. ಬೀದಿಯ ತುಂಬ ಲೀಸಿನ ಬೋರ್ಡುಗಳು ನೇತಾಡುತ್ತಿವೆ, ಹದಿನೈದು ಕೊಡುವವರು ಒಬ್ಬರೂ ಇಲ್ಲ.

"ಅಜ್ಜಿ ಮೇಲೆ ಕಂಪ್ಲೇಂಟ್ ಕೊಡ್ಲಾ ಅಂಕಲ್?"

"ಆಕೆ ನಿನಗೆ ಸುಳ್ಳು ಹೇಳಿಲ್ಲಮ್ಮ. ಎಲ್ಲ ಮೊದಲೇ ಹೇಳಿದ್ರು. ಹೇಳದೇ ಇದ್ದದ್ದು ನಾನು."

ಅವಳಿಗೆ ಅದು ಕಿವಿಗೆ ಬಿತ್ತೋ ಇಲ್ಲವೋ. ಅಳು ತಡೆದುಕೊಂಡ ದನಿಯಲ್ಲಿ ಕೇಳಿದಳು. "ನಿಮಗೆ ಸರಿಯಾದ ಟೈಮಿಗೆ ಕೊಟ್ರಲ್ಲ. ನೀವು ಹೆಂಗೆ ವಾಪಸ್ ತಗೊಂಡ್ರಿ, ಅದನ್ನಾದ್ರೂ ಹೇಳಿ ಅಂಕಲ್."

"ನೀನು ಬಂದೆಯಲ್ಲಮ್ಮ" ಎಂದೆ. "ಹಾಗೆ."

ಆ ಕಡೆ ಎಲ್ಲೋ ಕುಕ್ಕರ್ ಕೂಗಿತು. ಆಮೇಲೆ, ಆಫೀಸಿನಲ್ಲಿ ಏನಾದರೂ ಬರೆದುಕೊಳ್ಳುವವರು ಕೇಳುವ ಹಾಗೆ, ಮೆಲ್ಲಗೆ ಕೇಳಿದಳು.

"ಹಾಗಾದ್ರೆ ಈಗ ನಾನು ಯಾರನ್ನ ಕರ್ಕೊಂಡು ಬರ್ಲಿ ಅಂಕಲ್?"